ಕುಪ್ಪಿಯಲ್ಲಿರುವುದೇನು?

ತುರುವೇಕೆರೆ ತಾಲ್ಲೂಕಿನ ದಬ್ಬೇಘಟ್ಟದ ಕಡೆಗೆ ಹೋದವರು ಅಲ್ಲಿಯ ತೋಟದ ಮನೆಗಳ ಅಟ್ಟದ ಮೇಲೆ ತೆಂಗಿನಕಾಯಿಯ ರಾಶಿಯನ್ನು ನೋಡಿಯೇ ಇರುತ್ತಾರೆ. ಬಲಿತ ಕಾಯಿಯನ್ನು ಮರದಿಂದ ಇಳಿಸಿ, ಅಟ್ಟಕ್ಕೇರಿಸಿ, ಹತ್ತು ಹನ್ನೆರಡು ತಿಂಗಳವರೆಗೆ ನೆರಳಿನಲ್ಲಿ ಬಿಡುವುದು ಆ ಸೀಮೆಯ ಪದ್ಧತಿ. ಕಾಲ ಕಳೆದಂತೆ ಒಳಗಿನ ನೀರು ಇಂಗುತ್ತದೆ. ತಿರುಳು ಒಣಗಿ ಕುಗ್ಗುತ್ತದೆ. ಕೊನೆಗೆ ಚಿಪ್ಪಿನಿಂದ ಬಿಟ್ಟುಕೊಂಡು ಇಡೀ ಉಂಡೆಯಾಗಿ ನಿಲ್ಲುತ್ತದೆ. ತಿಪಟೂರಿನ ಮಾರುಕಟ್ಟೆಗೆ ಹೆಸರು ತಂದ ಉಂಡೆ ಕೊಬ್ಬರಿ ಇದೇ.

ಆದರೆ ಒಳಗೆ ಕೊಬ್ಬರಿ ಆಯಿತೋ ಇಲ್ಲವೋ ಎಂಬುದನ್ನು ತಿಳಿಯುವ ಬಗೆ ಹೇಗೆ? ಒಡೆದು ನೋಡಿದರೆ, ಇನ್ನೂ ಆಗದಿದ್ದ ಕಾಯಿ ಹಾಳಾಗುವುದು. ಅನುಭವಸ್ಥರು ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲುಗಿಸುತ್ತಾರೆ. ನೀರು ಉಳಿದಿದ್ದರೆ ಒಂದು ಬಗೆಯ ಸದ್ದು. ಕೊಬ್ಬರಿ ಬಿಟ್ಟುಕೊಂಡಿದ್ದರೆ ಇನ್ನೊಂದು ಬಗೆಯದು. ಕಣ್ಣಿಗೆ ಕಾಣದುದನ್ನು ಹೀಗೆ ಕಿವಿಯಿಂದ ತಿಳಿಯುತ್ತಾರೆ.

ಔಷಧಗಳ ಶೋಧನೆಯಲ್ಲಿ ತೊಡಗಿದ ರಸಾಯನವಿಜ್ಞಾನಿಯ ಕೆಲಸಕ್ಕೂ ಅಟ್ಟದ ಮೇಲಿನ ಈ ಪರೀಕ್ಷೆಗೂ ಹತ್ತಿರದ ನಂಟುಂಟು. ಅವನ ಮುಂದಿರುವ ಪುಟ್ಟ ಗಾಜಿನ ಕುಪ್ಪಿಯ ತಳದಲ್ಲಿ ಚಿಟಿಕೆಯಷ್ಟು ಬಿಳಿಯ ಪುಡಿಯಿದೆ. ಅದರ ಅಣುವನ್ನು ಕಣ್ಣಿನಿಂದ ನೋಡುವಂತಿಲ್ಲ. ಆದರೂ ಕುಪ್ಪಿಯ ಮೇಲೆ ಅವನು ಒಂದು ಹೆಸರನ್ನು ಬರೆಯಬೇಕು. ಆ ಹೆಸರು ನಿಜವಾಗಿರಬೇಕು. ಇಂಥ ಕೆಲಸವನ್ನು ಬಹುಮಟ್ಟಿಗೆ ಮಾಡುವವರು ಡಾಕ್ಟರೇಟ್ ಪದವಿಗಾಗಿ ದುಡಿಯುತ್ತಿರುವ ತರುಣ ತರುಣಿಯರು. ಅವರ ದುಡಿಮೆ ಎಂಥದು, ಅದರಿಂದ ಲೋಕಕ್ಕೆ ದೊರೆಯುವುದೇನು ಎಂಬುದೇ ಈ ಲೇಖನದ ವಿಷಯ.

ಅಜ್ಜಿಯ ಪ್ರಶ್ನೆ

ದಬ್ಬೇಘಟ್ಟದ ತೋಟದ ಮನೆಯೊಂದರ ಹುಡುಗಿ ರಸಾಯನಶಾಸ್ತ್ರದಲ್ಲಿ ಎಂ.ಎಸ್‌ಸಿ. ಮುಗಿಸಿ, ಕ್ಷಯರೋಗದ ಔಷಧಕ್ಕೆ ಸಂಬಂಧಪಟ್ಟ ಸಂಶೋಧನೆಗಾಗಿ ಬೆಂಗಳೂರು ಸೇರಿದಳೆಂದು ಭಾವಿಸೋಣ. ಐದು ವರ್ಷ ಕಳೆದ ಮೇಲೆ ಹಬ್ಬಕ್ಕೆ ಊರಿಗೆ ಬಂದಾಗ ಅಜ್ಜಿ ಕೇಳುತ್ತಾಳೆ: "ಇಷ್ಟು ವರ್ಷ ಓದಿದೆಯಲ್ಲ ತಾಯಿ, ಮದ್ದು ಸಿಕ್ಕಿತೆ?"

ಹುಡುಗಿ ತಡವರಿಸುತ್ತಾಳೆ. ಪ್ರಾಮಾಣಿಕವಾಗಿ ಹೇಳುವುದಾದರೆ ಮದ್ದು ಸಿಕ್ಕಿಲ್ಲ. ಹಾಗಾದರೆ ಐದು ವರ್ಷದ ಶ್ರಮ ನೀರಿನಲ್ಲಿ ಹೋಮಮಾಡಿದಂತಾಯಿತೆ? ಇದಕ್ಕೆ ಉತ್ತರ ಹೇಳಬೇಕಾದರೆ ಔಷಧವೊಂದು ಹುಟ್ಟುವ ದಾರಿಯನ್ನು ಮೊದಲು ನೋಡಬೇಕು.

ರೋಗಾಣುವಿನ ಬದುಕಿಗಾಗಲಿ ರೋಗದ ಬೆಳವಣಿಗೆಗಾಗಲಿ ಅತ್ಯಗತ್ಯವಾದ ಒಂದು ಪ್ರೋಟೀನನ್ನು ಜೀವವಿಜ್ಞಾನಿಗಳು ಗುರುತಿಸುತ್ತಾರೆ. ಅದರ ಕೆಲಸವನ್ನು ತಡೆಯಬಲ್ಲ ವಸ್ತುವಿಗಾಗಿ ಸಾವಿರಾರು ಸಂಯುಕ್ತಗಳನ್ನು ಪರೀಕ್ಷಿಸುತ್ತಾರೆ. ಅವುಗಳಲ್ಲಿ ಕೆಲವು ಅಲ್ಪಸ್ವಲ್ಪ ಫಲವನ್ನು ತೋರಿಸಬಹುದು. ಅಲ್ಲಿಂದ ಮುಂದೆ ರಸಾಯನವಿಜ್ಞಾನಿಯ ಸರದಿ. ಅವನು ಆ ಅಣುವಿನ ಒಂದೊಂದೇ ಭಾಗವನ್ನು ಬದಲಾಯಿಸಿ ಹತ್ತಾರು, ನೂರಾರು ಹೊಸ ಅಣುಗಳನ್ನು ಕಟ್ಟುತ್ತಾನೆ. ಯಾವ ಬದಲಾವಣೆಯಿಂದ ಫಲ ಹೆಚ್ಚಿತು, ಯಾವುದರಿಂದ ಕುಂದಿತು ಎಂದು ಪಟ್ಟಿಮಾಡುತ್ತಾನೆ. ಆಮೇಲೆ ಪ್ರಾಣಿಗಳಲ್ಲಿ ಪರೀಕ್ಷೆ. ಅದರಲ್ಲಿ ಗೆದ್ದುದಕ್ಕೆ ಮನುಷ್ಯರಲ್ಲಿ ಮೂರು ಹಂತದ ಪರೀಕ್ಷೆ. ಮೊದಲ ಸುಳಿವಿನಿಂದ ಅಂಗಡಿಯ ಗುಳಿಗೆಯವರೆಗೆ ಸಾಮಾನ್ಯವಾಗಿ ಹತ್ತರಿಂದ ಹದಿನೈದು ವರ್ಷ ಹಿಡಿಯುವುದು. ಮನುಷ್ಯರ ಪರೀಕ್ಷೆಗೆ ಏರಿದ ಹತ್ತು ವಸ್ತುಗಳಲ್ಲಿ ಸುಮಾರಾಗಿ ಒಂದು ಮಾತ್ರ ಔಷಧವೆಂಬ ಮನ್ನಣೆಯನ್ನು ಪಡೆಯುತ್ತದೆ.

ಈ ದೀರ್ಘ ದಾರಿಯಲ್ಲಿ ಡಾಕ್ಟರೇಟ್ ವಿದ್ಯಾರ್ಥಿಯು ನಿಂತಿರುವುದು ಮೊದಲ ಮೈಲಿಗಲ್ಲಿನ ಬಳಿ. ಅವನ ಮಹಾಪ್ರಬಂಧದಿಂದ ನೇರವಾಗಿ ಔಷಧ ಹೊರಡುವುದು ತೀರ ಅಪರೂಪ. ಆದುದರಿಂದ ಅವನ ಕೆಲಸವನ್ನು ಔಷಧದ ಅಳತೆಗೋಲಿನಿಂದ ಅಳೆಯುವುದು ತರವಲ್ಲ.

ಎಣ್ಣೆಯೂ ನೀರೂ

ಅಣುವನ್ನು ಬದಲಾಯಿಸುವುದೆಂದರೆ ಮನಸ್ಸಿಗೆ ಬಂದಂತೆ ಬದಲಾಯಿಸುವುದಲ್ಲ. ನುಂಗಿದ ಔಷಧ ರಕ್ತದಲ್ಲಿ, ಎಂದರೆ ನೀರಿನಲ್ಲಿ, ಕರಗಿ ಹರಿಯಬೇಕು; ಜೀವಕೋಶದ ಪೊರೆಯನ್ನು, ಎಂದರೆ ಜಿಡ್ಡನ್ನು, ದಾಟಬೇಕು. ನೀರಿಗೆ ಮಾತ್ರ ಒಗ್ಗುವ ವಸ್ತು ಪೊರೆಯ ಹೊರಗೇ ಉಳಿಯುವುದು. ಎಣ್ಣೆಗೆ ಮಾತ್ರ ಒಗ್ಗುವ ವಸ್ತು ಪೊರೆಯಲ್ಲಿಯೇ ಸಿಕ್ಕಿಕೊಳ್ಳುವುದು. ಎರಡಕ್ಕೂ ಹದವಾಗಿ ಒಗ್ಗುವುದು ಬೇಕು.

ಈ ಹದವನ್ನು ಅಳೆಯುವ ಉಪಾಯ ಬಹು ಸರಳವಾದುದು. ಒಂದು ಕೊಳವೆಯಲ್ಲಿ ಎಣ್ಣೆಯನ್ನೂ ನೀರನ್ನೂ ಸಮಪ್ರಮಾಣದಲ್ಲಿ ತೆಗೆದುಕೊಂಡು, ವಸ್ತುವನ್ನು ಹಾಕಿ ಚೆನ್ನಾಗಿ ಕುಲುಕಿ, ಎರಡು ಪದರಗಳು ಬೇರ್ಪಟ್ಟ ಮೇಲೆ ಯಾವುದರಲ್ಲಿ ಎಷ್ಟು ಕರಗಿದೆಯೆಂದು ನೋಡುವುದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೈಯರ್ ಮತ್ತು ಓವರ್ಟನ್ ಎಂಬ ವಿಜ್ಞಾನಿಗಳು ಆಲಿವ್ ಎಣ್ಣೆಯಿಂದ ಇಂಥ ಪ್ರಯೋಗಗಳನ್ನು ನಡೆಸಿ, ಅರಿವಳಿಕೆಯ ವಸ್ತುಗಳು ಎಣ್ಣೆಗೆ ಒಗ್ಗಿದಷ್ಟೂ ಅವುಗಳ ಬಲ ಹೆಚ್ಚೆಂಬುದನ್ನು ಕಂಡರು. 1964ರಲ್ಲಿ ಕ್ಯಾಲಿಫೋರ್ನಿಯಾದ ಹಾನ್ಷ್ ಮತ್ತು ಜಪಾನಿನ ಫುಜಿತ ಅವರು ಎಣ್ಣೆಯ ಬದಲು ಆಕ್ಟನಾಲ್ ಎಂಬ, ಎಂಟು ಇಂಗಾಲಗಳ ಸರಪಳಿಯುಳ್ಳ ಆಲ್ಕೊಹಾಲನ್ನು ಬಳಸಿ ಈ ವಿಚಾರಕ್ಕೆ ಗಣಿತದ ರೂಪವನ್ನು ಕೊಟ್ಟರು. ಅಂದಿನಿಂದ ಪ್ರಪಂಚದ ಔಷಧಶಾಲೆಗಳಲ್ಲೆಲ್ಲ ಎಣ್ಣೆಯ ಪಾತ್ರವನ್ನು ವಹಿಸುವುದು ಆಕ್ಟನಾಲೇ.

ಇಲ್ಲಿ ನಮ್ಮ ತೆಂಗಿನ ಸೀಮೆಯವರಿಗೆ ಸ್ವಾರಸ್ಯವಾದ ಸಂಗತಿಯೊಂದುಂಟು. ಆಕ್ಟನಾಲನ್ನು ಪೆಟ್ರೋಲಿಯಂ ಮೂಲದಿಂದ ತಯಾರಿಸುವಂತೆಯೇ ಕೊಬ್ಬರಿ ಎಣ್ಣೆಯಿಂದಲೂ ತಾಳೆಬೀಜದ ಎಣ್ಣೆಯಿಂದಲೂ ತಯಾರಿಸುತ್ತಾರೆ. ಕೊಬ್ಬರಿ ಎಣ್ಣೆಯ ಮೇದಾಮ್ಲಗಳಲ್ಲಿ ಹೆಚ್ಚುಕಡಿಮೆ ಅರ್ಧಪಾಲು ಲಾರಿಕ್ ಆಮ್ಲ. ನೂರಕ್ಕೆ ಏಳೆಂಟು ಪಾಲು ಎಂಟು ಇಂಗಾಲಗಳ ಕ್ಯಾಪ್ರಿಲಿಕ್ ಆಮ್ಲ. ಈ ಎರಡನೆಯದಕ್ಕೆ ಜಲಜನಕವನ್ನು ಸೇರಿಸಿದರೆ ಆಕ್ಟನಾಲ್ ದೊರೆಯುತ್ತದೆ.

ಲಾರಿಕ್ ಆಮ್ಲವನ್ನೇ ಆಕ್ಟನಾಲ್ ಮತ್ತು ನೀರಿನೊಡನೆ ಕುಲುಕಿದರೆ ಏನಾಗುವುದು? ಅದರ ಅಣುಗಳು ನೀರಿಗಿಂತ ಆಕ್ಟನಾಲಿನಲ್ಲಿ ಹತ್ತಾರು ಸಾವಿರ ಪಟ್ಟು ಹೆಚ್ಚಾಗಿ ನೆಲಸುತ್ತವೆ. ಸಲ್ಫನಿಲಮೈಡ್ ಎಂಬ ಔಷಧವಾದರೋ ಇದಕ್ಕೆ ತಿರುಗಮುರುಗ: ನೀರಿನಲ್ಲಿಯೇ ಸುಮಾರು ನಾಲ್ಕು ಪಟ್ಟು ಹೆಚ್ಚು. 1997ರಲ್ಲಿ ಲಿಪಿನ್ಸ್ಕಿ ಎಂಬ ರಸಾಯನವಿಜ್ಞಾನಿಯೂ ಅವನ ಸಂಗಡಿಗರೂ ನುಂಗುವ ಔಷಧಗಳನ್ನು ಪರಿಶೀಲಿಸಿ ಕೆಲವು ಮಿತಿಗಳನ್ನು ಸೂಚಿಸಿದರು. ಅಣುತೂಕ 500ನ್ನು ಮೀರದಿರುವುದು, ಆಕ್ಟನಾಲಿನ ಒಲವು ನೀರಿಗಿಂತ ಒಂದು ಲಕ್ಷ ಪಟ್ಟನ್ನು ದಾಟದಿರುವುದು, ಇವು ಅವುಗಳಲ್ಲಿ ಮುಖ್ಯವಾದುವು. ಇವು ಕಟ್ಟಳೆಗಳಲ್ಲ, ಎಚ್ಚರಿಕೆಗಳು. ಇವನ್ನು ಮೀರಿದ ಔಷಧಗಳೂ ಇಲ್ಲದಿಲ್ಲ. ಸಂಶೋಧಕ ವಿದ್ಯಾರ್ಥಿಯು ಹೊಸ ಅಣುವಿನ ಚಿತ್ರವನ್ನು ಬರೆಯುವಾಗ ಈ ಎಚ್ಚರಿಕೆಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳುತ್ತಾನೆ.

ಹತ್ತು ಮೆಟ್ಟಿಲ ಲೆಕ್ಕ

ಚಿತ್ರ ಬರೆಯುವುದು ಸುಲಭ. ಅಣುವನ್ನು ಕಟ್ಟುವುದು ಕಷ್ಟ. ಹೊಸ ಸಂಯುಕ್ತವನ್ನು ಮಾಡಲು ಅನೇಕ ವೇಳೆ ಆರು, ಎಂಟು, ಹತ್ತು ಕ್ರಿಯೆಗಳನ್ನು ಒಂದಾದಮೇಲೊಂದರಂತೆ ನಡೆಸಬೇಕಾಗುವುದು. ಪ್ರತಿಯೊಂದು ಕ್ರಿಯೆಯಲ್ಲಿಯೂ ನೂರಕ್ಕೆ 80 ಪಾಲು ಕೈಗೆ ಬಂದಿತೆಂದು ಇಟ್ಟುಕೊಳ್ಳಿ. ಅದು ಒಳ್ಳೆಯ ಇಳುವರಿಯೇ ಸರಿ. ಆದರೆ ಹತ್ತು ಮೆಟ್ಟಿಲು ಹತ್ತುವಷ್ಟರಲ್ಲಿ ಮೊದಲಿನ ಪ್ರತಿ 100 ಅಣುಗಳ ಸ್ಥಾನದಲ್ಲಿ ಉಳಿಯುವುವು 11ಕ್ಕಿಂತ ಕಡಿಮೆ. ಪೆನ್ಸಿಲು ಹಿಡಿದು 0.8ನ್ನು ಅದರಿಂದಲೇ ಹತ್ತು ಸಲ ಬರುವಂತೆ ಗುಣಿಸಿ ನೋಡಿದರೆ ಈ ಮಾತು ಮನದಟ್ಟಾಗುವುದು. ಒಂಬತ್ತನೆಯ ಮೆಟ್ಟಿಲಿನಲ್ಲಿ ಕುಪ್ಪಿ ಕೈಜಾರಿದರೆ ಮತ್ತೆ ಮೊದಲಿನಿಂದ ಆರಂಭ. ತಿಂಗಳುಗಟ್ಟಲೆ ಅಟ್ಟದ ಮೇಲಿದ್ದ ಕಾಯಿ ಕೊಳೆತರೆ ರೈತನಿಗೆ ಆಗುವ ಸಂಕಟ ಈ ವಿದ್ಯಾರ್ಥಿಗೂ ಹೊಸದಲ್ಲ.

ಕ್ರಿಯೆ ನಡೆಯಿತೆಂದರೆ ಕೆಲಸ ಮುಗಿಯಲಿಲ್ಲ. ಬೇಕಾದ ವಸ್ತುವಿನೊಡನೆ ಬೇಡವಾದುವೂ ಸೇರಿರುತ್ತವೆ. ಗಾಜಿನ ಉದ್ದ ನಳಿಗೆಯಲ್ಲಿ ಸಿಲಿಕಾದ ನುಣುಪಾದ ಪುಡಿಯನ್ನು ತುಂಬಿ, ಮಿಶ್ರಣವನ್ನು ಮೇಲೆ ಹಾಕಿ, ದ್ರಾವಕವನ್ನು ನಿಧಾನವಾಗಿ ಹರಿಸಿದರೆ, ಸಿಲಿಕಾಕ್ಕೆ ಹೆಚ್ಚು ಅಂಟಿಕೊಳ್ಳುವುದು ಹಿಂದೆ ಬೀಳುತ್ತದೆ, ಕಡಿಮೆ ಅಂಟಿಕೊಳ್ಳುವುದು ಮುಂದೆ ಸಾಗುತ್ತದೆ. ಹೀಗೆ ಒಂದೊಂದನ್ನೂ ಬೇರೆ ಬೇರೆ ಕೊಳವೆಗಳಲ್ಲಿ ಹಿಡಿಯುತ್ತಾರೆ. ಔಷಧ ರಸಾಯನದ ಹೆಸರಾಂತ ಪತ್ರಿಕೆಗಳು ಪರೀಕ್ಷೆಗೆ ಕೊಡುವ ವಸ್ತು ನೂರಕ್ಕೆ 95 ಪಾಲಾದರೂ ಶುದ್ಧವಾಗಿರಬೇಕೆಂದು ಕೇಳುತ್ತವೆ. ಉಳಿದ ಐದು ಪಾಲಿನಲ್ಲಿಯೇ ನಿಜವಾದ ಪ್ರಭಾವ ಅಡಗಿದ್ದು, ಹೊಗಳಿಕೆ ಮಾತ್ರ 95 ಪಾಲಿಗೆ ಸಂದ ಪ್ರಸಂಗಗಳೂ ಉಂಟಾಗಬಹುದಾದುದರಿಂದ ಎಚ್ಚರಿಕೆ ಅಗತ್ಯ.

ಅಲುಗಿಸಿ ಕೇಳುವ ಯಂತ್ರ

ಈಗ ಮುಖ್ಯವಾದ ಪ್ರಶ್ನೆ: ಶುದ್ಧವಾದ ಪುಡಿಯೇನೋ ಬಂದಿತು, ಅದು ನಾವು ಬಯಸಿದ ಅಣುವೇ ಎಂಬುದಕ್ಕೆ ಸಾಕ್ಷಿಯೇನು?

ಮೊದಲ ಸಾಕ್ಷಿ ತೂಕದ್ದು. ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಉಪಕರಣ ಅಣುವಿನ ತೂಕವನ್ನು ಬಹು ಸೂಕ್ಷ್ಮವಾಗಿ ಹೇಳುತ್ತದೆ. ಎರಡನೆಯ ಸಾಕ್ಷಿ ಪರಮಾಣುಬೀಜಗಳ ಕಾಂತೀಯ ಅನುರಣನದ್ದು. ಇಂಗ್ಲಿಷಿನ ಮೊದಲಕ್ಷರಗಳಿಂದ ಎನ್.ಎಂ.ಆರ್. ಎಂದು ಇದು ಪ್ರಸಿದ್ಧವಾಗಿದೆ. ಇದನ್ನು ಕಂಡುಹಿಡಿದ ಬ್ಲಾಕ್ ಮತ್ತು ಪರ್ಸೆಲ್ ಅವರಿಗೆ 1952ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಜಲಜನಕದ ಪರಮಾಣುಬೀಜವು ಸಣ್ಣ ಕಾಂತದಂತೆ ವರ್ತಿಸುತ್ತದೆ. ವಸ್ತುವಿನ ದ್ರಾವಣವನ್ನು ಪ್ರಬಲವಾದ ಕಾಂತಕ್ಷೇತ್ರದಲ್ಲಿಟ್ಟು ರೇಡಿಯೋ ಅಲೆಗಳಿಂದ ಅಲುಗಿಸಿದರೆ, ಪ್ರತಿಯೊಂದು ಜಲಜನಕವೂ ತನ್ನ ನೆರೆಹೊರೆಗೆ ತಕ್ಕಂತೆ ಬೇರೆ ಬೇರೆ ಆವರ್ತದಲ್ಲಿ ಮರುನುಡಿಯುತ್ತದೆ. ದಬ್ಬೇಘಟ್ಟದ ರೈತ ಕಾಯಿಯನ್ನು ಅಲುಗಿಸಿ ಕೇಳುವಂತೆಯೇ ಇದೂ ಒಂದು ಕೇಳುವ ವಿದ್ಯೆ.

ಲಾರಿಕ್ ಆಮ್ಲವನ್ನೇ ಮತ್ತೆ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರಲ್ಲಿ 12 ಇಂಗಾಲ, 24 ಜಲಜನಕ, 2 ಆಮ್ಲಜನಕದ ಪರಮಾಣುಗಳಿವೆ. ಅಣುತೂಕ ಸುಮಾರು 200. ಅದರ ಎನ್.ಎಂ.ಆರ್. ಚಿತ್ರದಲ್ಲಿ ಸರಪಳಿಯ ತುದಿಯ 3 ಜಲಜನಕಗಳು ಒಂದು ಕಡೆ ಕಾಣಿಸಿಕೊಳ್ಳುತ್ತವೆ. ಆಮ್ಲದ ಗುಂಪಿಗೆ ಅಂಟಿಕೊಂಡಿರುವ ಕೊಂಡಿಯ 2 ಇನ್ನೊಂದು ಕಡೆ. ಅದರ ಪಕ್ಕದ ಕೊಂಡಿಯ 2 ಮತ್ತೊಂದು ಕಡೆ. ನಡುಸರಪಳಿಯ 16 ಒಟ್ಟಾಗಿ ಒಂದು ಗುಂಪಾಗಿ. ಆಮ್ಲದ 1 ಬಹುದೂರದಲ್ಲಿ ಒಂಟಿಯಾಗಿ. ಕೂಡಿದರೆ 24 ಆಗುವುದಷ್ಟೆ. ಲೆಕ್ಕ ತಪ್ಪಿದರೆ ಕುಪ್ಪಿಯಲ್ಲಿರುವುದು ಲಾರಿಕ್ ಆಮ್ಲವಲ್ಲ, ಇಲ್ಲವೆ ಅದರೊಡನೆ ಮತ್ತೇನೋ ಬೆರೆತಿದೆ. ಸಂಶೋಧಕ ವಿದ್ಯಾರ್ಥಿಯು ತಾನು ಮಾಡಿದ ಒಂದೊಂದು ಸಂಯುಕ್ತಕ್ಕೂ ಇಂಥ ಲೆಕ್ಕವನ್ನು ಒಪ್ಪಿಸಬೇಕು. ಮಹಾಪ್ರಬಂಧಗಳ ಕೊನೆಯಲ್ಲಿ ನೂರಾರು ಪುಟಗಳಲ್ಲಿ ಹರಡಿರುವ, ಹೊರಗಿನವರಿಗೆ ನೀರಸವಾಗಿ ತೋರುವ ಅಂಕಿಗಳೆಲ್ಲ ಇವೇ.

ವಿಯೆನ್ನದ ಒಂದು ಮಹಾಪ್ರಬಂಧ

ಇಂಥ ನೀರಸ ಪುಟಗಳ ಬೆಲೆಯನ್ನು ತಿಳಿಯಲು ಒಂದು ಹಳೆಯ ಕಥೆಯನ್ನು ನೆನೆಯಬೇಕು. 1908ರಲ್ಲಿ ವಿಯೆನ್ನ ನಗರದಲ್ಲಿ ಪಾಲ್ ಗೆಲ್ಮೊ ಎಂಬ ತರುಣನು ಡಾಕ್ಟರೇಟ್ ಪದವಿಗಾಗಿ ಕೆಲಸಮಾಡುತ್ತ ಹೊಸ ಸಂಯುಕ್ತವೊಂದನ್ನು ತಯಾರಿಸಿದನು. ಗಂಧಕ, ಸಾರಜನಕಗಳನ್ನೊಳಗೊಂಡ ಆ ವಸ್ತುವಿನ ಅಣುತೂಕ 172. ಅದನ್ನು ಮಾಡಿದ ವಿಧಾನವನ್ನೂ ಅದರ ಗುಣಗಳನ್ನೂ ಅವನು ಕ್ರಮವಾಗಿ ಬರೆದು ಪ್ರಕಟಿಸಿದನು. ಅದು ರೋಗವನ್ನು ಗುಣಪಡಿಸಬಲ್ಲದೆಂಬ ಯೋಚನೆ ಅಂದು ಯಾರಿಗೂ ಬರಲಿಲ್ಲ. ಬಣ್ಣಗಳ ಉದ್ಯಮಕ್ಕೆ ಒದಗುವ ಪದಾರ್ಥಗಳಲ್ಲಿ ಅದೂ ಒಂದಾಗಿ ಉಳಿಯಿತು.

1932ರಲ್ಲಿ ಜರ್ಮನಿಯ ಬಣ್ಣದ ಕಾರ್ಖಾನೆಯೊಂದರಲ್ಲಿ ಕೆಂಪು ಬಣ್ಣದ ಒಂದು ವಸ್ತು ಇಲಿಗಳನ್ನು ಮಾರಕವಾದ ಸೋಂಕಿನಿಂದ ಉಳಿಸಿತು. ಪರೀಕ್ಷೆಯನ್ನು ನಡೆಸಿದವನು ಗೆರ್ಹಾರ್ಟ್ ಡೋಮಾಕ್. ವಸ್ತುವಿನ ಹೆಸರು ಪ್ರೊಂಟೊಸಿಲ್. 1935ರಲ್ಲಿ ಈ ಸುದ್ದಿ ಪ್ರಕಟವಾದಾಗ ವೈದ್ಯಲೋಕ ಬೆರಗಾಯಿತು. ಆದರೆ ಒಂದು ಒಗಟು ಉಳಿದಿತ್ತು. ಪ್ರಾಣಿಯ ಮೈಯಲ್ಲಿ ರೋಗಾಣುಗಳನ್ನು ಅಡಗಿಸುವ ಈ ಬಣ್ಣ ಪ್ರನಾಳದಲ್ಲಿ ಏನನ್ನೂ ಮಾಡುತ್ತಿರಲಿಲ್ಲ! ಅದೇ ವರ್ಷ ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯ ಸಂಶೋಧಕರು ಒಗಟನ್ನು ಬಿಡಿಸಿದರು. ಮೈಯೊಳಗೆ ಕೆಂಪು ಅಣು ಎರಡಾಗಿ ಒಡೆಯುತ್ತದೆ. ಅದರ ಒಂದು ತುಂಡೇ ನಿಜವಾದ ಔಷಧ. ಆ ತುಂಡು ಯಾವುದು? ಇಪ್ಪತ್ತೇಳು ವರ್ಷಗಳ ಹಿಂದೆ ಗೆಲ್ಮೊ ಮಾಡಿಟ್ಟಿದ್ದ ಸಲ್ಫನಿಲಮೈಡ್!

ವಸ್ತುವೂ ಅದನ್ನು ಮಾಡುವ ವಿಧಾನವೂ ಹಳೆಯವಾದುದರಿಂದ ಅದನ್ನು ಯಾರು ಬೇಕಾದರೂ ಅಗ್ಗವಾಗಿ ತಯಾರಿಸಬಹುದಾಗಿತ್ತು. ಪೆನಿಸಿಲಿನ್ ಬಳಕೆಗೆ ಬರುವ ಮೊದಲು ಸಲ್ಫಾ ಔಷಧಗಳು ಬಾಣಂತಿಯರ ಜ್ವರದಂಥ ಸೋಂಕುಗಳಿಂದ ಅಸಂಖ್ಯಾತ ಜನರನ್ನು ಕಾಪಾಡಿದುವು. ಗೆಲ್ಮೊ 1908ರಲ್ಲಿ ಕಂಡುಹಿಡಿದುದು ಔಷಧವನ್ನಲ್ಲ, ಒಂದು ಅಣುವನ್ನು. ಆದರೆ ಆ ಅಣುವನ್ನು ಮಾಡುವ ವಿಧಾನ ಅವನ ಬರವಣಿಗೆಯಲ್ಲಿ ಮುಂದಿನವರಿಗಾಗಿ ಉಳಿದಿತ್ತು.

ಬೆಂಗಳೂರಿನ ಒಂದು ಅಣು

ಬರವಣಿಗೆಯಲ್ಲಿರುವ ಅಣುವಿಗೂ ಕುಪ್ಪಿಯಲ್ಲಿರುವ ಅಣುವಿಗೂ ಅಂತರ ಬಿದ್ದರೆ ಏನಾಗುವುದು? ಇದಕ್ಕೆ ನಿದರ್ಶನ ನಮ್ಮ ಬೆಂಗಳೂರಿನಲ್ಲಿಯೇ ಇದೆ.

1909ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದ ತಂಡವೊಂದು ಬೆಂಗಳೂರಿನ ಔಷಧಶಾಸ್ತ್ರ ಕಾಲೇಜಿನ ರಸಾಯನವಿಜ್ಞಾನಿಗಳೊಡನೆ ಸೇರಿ 2012ರಲ್ಲಿ ಎಸ್.ಸಿ.ಆರ್.7 ಎಂಬ ಸಂಯುಕ್ತವನ್ನು ಪ್ರಕಟಿಸಿತು. ಕೋಶದ ಡಿ.ಎನ್.ಎ. ಎಳೆಗಳು ತುಂಡಾದಾಗ ಲೈಗೇಸ್ 4 ಎಂಬ ಕಿಣ್ವ ಅವನ್ನು ಮತ್ತೆ ಬೆಸೆಯುತ್ತದೆ. ಈ ಬೆಸುಗೆಯನ್ನು ತಡೆದರೆ ಕ್ಯಾನ್ಸರ್ ಕೋಶಗಳು ಸಾಯುವುವು ಎಂಬುದು ತಂಡದ ಎಣಿಕೆ, ಎಸ್.ಸಿ.ಆರ್.7 ಹಾಗೆ ತಡೆಯುವುದೆಂದು ಅವರು ವರದಿಮಾಡಿದರು. 2015ರಿಂದ ಜೀನುಗಳನ್ನು ತಿದ್ದುವ ಪ್ರಯೋಗಗಳಲ್ಲಿಯೂ ಹೊರದೇಶಗಳ ಪ್ರಯೋಗಶಾಲೆಗಳು ಇದನ್ನು ಬಳಸತೊಡಗಿದುವು. ರಾಸಾಯನಿಕಗಳನ್ನು ಮಾರುವ ಕಂಪನಿಗಳು ಇದನ್ನು ಕುಪ್ಪಿಗಳಲ್ಲಿ ತುಂಬಿ ಮಾರಿದುವು.

2016ರಲ್ಲಿ ಅಮೆರಿಕದ ಸಂಶೋಧಕರು ಒಂದು ಆಕ್ಷೇಪವನ್ನು ಎತ್ತಿದರು. ಪ್ರಕಟವಾದ ಚಿತ್ರದಲ್ಲಿ ಅಣುವಿನ ಎರಡು ತೋಳುಗಳು ಬಿಚ್ಚಿಕೊಂಡಿದ್ದುವು. ಆದರೆ ಆ ರೂಪ ಸ್ಥಿರವಲ್ಲ. ತೋಳುಗಳು ತಾವಾಗಿಯೇ ಕೂಡಿಕೊಂಡು ಉಂಗುರವಾಗುತ್ತವೆ. ಆ ಉಂಗುರ ಎರಡು ಜಲಜನಕಗಳನ್ನು ಕಳೆದುಕೊಂಡು ಇನ್ನೂ ಒಂದು ರೂಪವನ್ನು ತಾಳುತ್ತದೆ. ಅಂಗಡಿಯಲ್ಲಿ ದೊರೆಯುವುದು ಈ ಕಡೆಯ ರೂಪ ಎಂದು ಅವರು ತೋರಿಸಿದರು. ಅಲ್ಲದೆ ಇದು ಲೈಗೇಸ್ 4ಕ್ಕೆ ಮಾತ್ರ ಮೀಸಲಾದ ತಡೆಯಲ್ಲವೆಂದೂ ವಾದಿಸಿದರು. ಬೆಂಗಳೂರಿನ ತಂಡ ಸುಮ್ಮನಿರಲಿಲ್ಲ. ಉಂಗುರದ ರೂಪವನ್ನೂ ಜಲಜನಕ ಕಳೆದುಕೊಂಡ ರೂಪವನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿ, ಎರಡೂ ಲೈಗೇಸ್ 4ರ ಮೂಲಕವೇ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತವೆಂದು 2018ರಲ್ಲಿ ಪ್ರಕಟಿಸಿತು.

ಇಲ್ಲಿ ಗಮನಿಸತಕ್ಕ ಒಂದು ಅಂಶವಿದೆ. ಬಿಚ್ಚಿದ ರೂಪ ಮತ್ತು ಉಂಗುರದ ರೂಪ, ಎರಡರ ಅಣುತೂಕವೂ 334. ಅದೇ ಪರಮಾಣುಗಳು, ಅಷ್ಟೇ ಸಂಖ್ಯೆ. ಕೈಹಿಡಿದ ಬಗೆ ಮಾತ್ರ ಬೇರೆ. ಆದುದರಿಂದ ತೂಕದ ಸಾಕ್ಷಿ ಇಲ್ಲಿ ಕೆಲಸಕ್ಕೆ ಬಾರದು. ಮೂರನೆಯ ರೂಪದ ತೂಕ 332. ವ್ಯತ್ಯಾಸ ಎರಡೇ ಜಲಜನಕ. ಇಷ್ಟು ಸಣ್ಣ ವ್ಯತ್ಯಾಸದ ಹಿಂದೆ ಎಷ್ಟು ಪ್ರಯೋಗಶಾಲೆಗಳ ಎಷ್ಟು ತಿಂಗಳ ದುಡಿಮೆ ತೂಗಾಡಬಲ್ಲದೆಂಬುದನ್ನು ಓದುಗರು ಊಹಿಸಬಹುದು.

ಇಂಥ ಗೊಂದಲ ಯಾರದೋ ಅಸಡ್ಡೆಯಿಂದ ಮಾತ್ರ ಆಗುವುದೆಂದು ತಿಳಿಯಬಾರದು. ಪಾಲ್ ಎರ್ಲಿಕ್‌ನ ಪ್ರಯೋಗಶಾಲೆಯ 606ನೆಯ ಸಂಯುಕ್ತ 1910ರಲ್ಲಿ ಸಾಲ್ವರ್ಸಾನ್ ಎಂಬ ಹೆಸರಿನಿಂದ ಸಿಫಿಲಿಸ್ ರೋಗಕ್ಕೆ ಮದ್ದಾಗಿ ಮಾರಾಟಕ್ಕೆ ಬಂದಿತು. ಅದರಲ್ಲಿ ಎರಡು ಆರ್ಸೆನಿಕ್ ಪರಮಾಣುಗಳು ಜೋಡಿಯಾಗಿವೆಯೆಂದು ಎರ್ಲಿಕ್ ಬರೆದನು. ಪಠ್ಯಪುಸ್ತಕಗಳೂ ಹಾಗೆಯೇ ಬರೆದುವು. 2005ರಲ್ಲಿ ನ್ಯೂಜಿಲೆಂಡಿನ ವಿಜ್ಞಾನಿಗಳು ಪರೀಕ್ಷಿಸಿ, ಅದು ಮೂರು ಆರ್ಸೆನಿಕ್‌ಗಳ ಮತ್ತು ಐದು ಆರ್ಸೆನಿಕ್‌ಗಳ ಉಂಗುರಗಳ ಮಿಶ್ರಣವೆಂದು ತೋರಿಸಿದರು. ತಪ್ಪಿನಿಂದ ಯಾವ ದೊಡ್ಡವನೂ ಹೊರತಲ್ಲ. ಆದರೆ ಮಾಡಿದ ವಿಧಾನವನ್ನು ಮುಚ್ಚುಮರೆಯಿಲ್ಲದೆ ಬರೆದಿಟ್ಟರೆ, ಮತ್ತೊಬ್ಬನು ಅದೇ ವಸ್ತುವನ್ನು ಮತ್ತೆ ಮಾಡಿ ತಪ್ಪನ್ನು ತಿದ್ದಬಹುದು. ಬರೆಯದೆ ಇದ್ದರೆ ತಿದ್ದುವ ದಾರಿಯೇ ಇಲ್ಲ.

ಅರಿಸಿನದ ಪಾಠ

ಕುಪ್ಪಿಯ ಹೆಸರು ಸರಿಯಾಗಿದ್ದರೂ ಪರೀಕ್ಷೆಯೇ ಮೋಸಹೋಗಬಹುದು. ಕೆಲವು ಅಣುಗಳು ಎದುರಿಗೆ ಬಂದ ಪ್ರೋಟೀನಿಗೆಲ್ಲ ಅಂಟಿಕೊಳ್ಳುತ್ತವೆ. ಕೆಲವು ತಮ್ಮ ಬಣ್ಣದಿಂದಲೋ ಹೊಳಪಿನಿಂದಲೋ ಅಳೆಯುವ ಯಂತ್ರವನ್ನೇ ದಾರಿತಪ್ಪಿಸುತ್ತವೆ. 2010ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಇಂಥ ಸುಳ್ಳು ಸಾಕ್ಷಿಗಳ ಗುರುತುಗಳನ್ನು ಪಟ್ಟಿಮಾಡಿದರು. ನಮ್ಮ ಅಡಿಗೆಮನೆಯ ಅರಿಸಿನಕ್ಕೆ ಹಳದಿ ಬಣ್ಣವನ್ನು ಕೊಡುವ ಕರ್ಕ್ಯುಮಿನ್ ಕೂಡ ಈ ಜಾತಿಯದೇ. ಪ್ರಯೋಗನಾಳದಲ್ಲಿ ಅದು ಹತ್ತಾರು ರೋಗಗಳ ವಿರುದ್ಧ ಫಲಕಾರಿಯೆಂಬಂತೆ ತೋರುತ್ತದೆ. ಆದರೆ ಅದು ಬೇಗ ಕೆಡುವ, ಮೈಗೆ ಚೆನ್ನಾಗಿ ಹತ್ತದ, ಪರೀಕ್ಷೆಗಳನ್ನು ಕಲಕುವ ವಸ್ತುವಾದುದರಿಂದ ಇಂಥ ಫಲಗಳನ್ನು ನೆಚ್ಚಬಾರದೆಂದು 2017ರ ಒಂದು ವಿಮರ್ಶೆ ಎಚ್ಚರಿಸಿತು. ಇದು ಸಾರಿನ ಅರಿಸಿನದ ಮೇಲಿನ ದೂರಲ್ಲ. ಪ್ರಯೋಗನಾಳದ ಒಂದು ಫಲವನ್ನು ಕಂಡು ಹಿಗ್ಗುವ ನಮ್ಮ ಆತುರದ ಮೇಲಿನ ದೂರು.

ಉಳಿದುಕೊಂಡ ದಾಖಲೆ

ಲೋಕದ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು ಜನ ಭಾರತದವರು. ಈ ರೋಗದ ಬಗೆಗೆ ಬೆಂಗಳೂರಿನಲ್ಲಿ ಅಸ್ಟ್ರಾಜೆನೆಕ ಕಂಪನಿಯ ಸಂಶೋಧನಾಲಯವೊಂದು ಅನೇಕ ವರ್ಷ ಕೆಲಸಮಾಡಿತು. ಅಲ್ಲಿಯ ರಸಾಯನವಿಜ್ಞಾನಿಗಳು ಕ್ಷಯದ ರೋಗಾಣುವನ್ನು ತಡೆಯುತ್ತಿದ್ದ ಒಂದು ಜಾತಿಯ ಅಣುವನ್ನು ತೆಗೆದುಕೊಂಡು ಅದರ ಎಲುಬಿನ ಗೂಡನ್ನೇ ಬದಲಾಯಿಸಿ ನೋಡಿದರು. ಹೀಗೆ ಹುಟ್ಟಿದ ಅಜಾಇಂಡೋಲ್ ಎಂಬ ಹೊಸ ಜಾತಿಯ ಅಣುಗಳು ರೋಗಾಣು ತನ್ನ ಕೋಶದ ಗೋಡೆಯನ್ನು ಕಟ್ಟಲು ಬಳಸುವ ಒಂದು ಕಿಣ್ವವನ್ನು ಹಿಡಿದುನಿಲ್ಲಿಸಿದುವು. 2013ರಲ್ಲಿ ಈ ವಿವರಗಳು ಪ್ರಕಟವಾದುವು. 2014ರಲ್ಲಿ ಆ ಸಂಶೋಧನಾಲಯ ಮುಚ್ಚಿಹೋಯಿತು. ಕೆಲಸಗಾರರು ಬೇರೆ ಬೇರೆ ಕಡೆ ಚದರಿದರು.

ಆದರೆ ಅಣು ಚದರಲಿಲ್ಲ. ಅದನ್ನು ಮಾಡುವ ವಿಧಾನ, ಅದರ ಗುಣ, ಅದರ ಸಂಬಂಧಿಗಳಾದ ಅಣುಗಳಲ್ಲಿ ಯಾವುದು ಗೆದ್ದಿತು, ಯಾವುದು ಸೋತಿತು, ಎಲ್ಲವೂ ದಾಖಲೆಯಾಗಿದ್ದುವು. ಆ ಜಾತಿಯ ಒಂದು ಸಂಯುಕ್ತ ಟಿ.ಬಿ.ಎ.-7371 ಎಂಬ ಹೆಸರಿನಿಂದ ಬೇರೆಯವರ ಕೈ ಸೇರಿ, ದಕ್ಷಿಣ ಆಫ್ರಿಕದ ಕ್ಷಯರೋಗಿಗಳಲ್ಲಿ ಎರಡನೆಯ ಹಂತದ ಪರೀಕ್ಷೆಯವರೆಗೆ ನಡೆಯಿತು. ಅದು ಔಷಧವೆಂಬ ಮನ್ನಣೆಯನ್ನು ಪಡೆಯಲು ಇನ್ನೂ ದಾಟಬೇಕಾದ ಹೊಳೆಗಳುಂಟು. ಆದರೂ ಕಟ್ಟಡ ಮುಚ್ಚಿದ ಮೇಲೂ ಅಣು ಮುಂದೆ ನಡೆದುದು ಆ ದಾಖಲೆಯ ಬಲದಿಂದ.

ವಿದ್ಯಾರ್ಥಿಗಳಿಗೆ ಎರಡು ಮಾತು

ಈ ದಾರಿಯನ್ನು ಹಿಡಿಯಲು ದೊಡ್ಡ ಊರಿನಲ್ಲಿ ಹುಟ್ಟಿರಬೇಕಾದುದಿಲ್ಲ. ಪಿ.ಯು.ಸಿ.ಯಲ್ಲಿ ರಸಾಯನಶಾಸ್ತ್ರವನ್ನೂ ಗಣಿತವನ್ನೂ ಮನಸ್ಸಿಟ್ಟು ಕಲಿತು, ಬಿ.ಎಸ್‌ಸಿ., ಎಂ.ಎಸ್‌ಸಿ. ಮುಗಿಸಿದವರು ವೈಜ್ಞಾನಿಕ ಸಂಶೋಧನಾ ಪರಿಷತ್ತಿನ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಗೆದ್ದರೆ ಸಂಶೋಧನಾ ವೇತನಕ್ಕೆ ಅರ್ಹರಾಗುತ್ತಾರೆ. 2023ರ ಜನವರಿಯಿಂದ ಈ ವೇತನ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಅನಂತರ 42,000 ರೂಪಾಯಿ ಎಂದು ನಿಗದಿಯಾಯಿತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಕಡೆಯವರಿಗೆ 2004ರಲ್ಲಿ ಸ್ಥಾಪಿತವಾದ ತುಮಕೂರು ವಿಶ್ವವಿದ್ಯಾನಿಲಯ ದೂರವೇನಲ್ಲ.

ಆದರೆ ಸೇರುವವರು ಒಂದನ್ನು ತಿಳಿದು ಸೇರಬೇಕು. ಐದಾರು ವರ್ಷಗಳಲ್ಲಿ ಹೆಚ್ಚಿನ ದಿನಗಳು ಸೋಲಿನ ದಿನಗಳೇ. ನಡೆಯದ ಕ್ರಿಯೆ, ಬೇರ್ಪಡದ ಮಿಶ್ರಣ, ಫಲ ತೋರದ ಅಣು, ಇವೇ ದಿನಚರಿ. ಸೋತ ಪ್ರಯೋಗವನ್ನು ಬರೆಯಲು ಕೈ ಹಿಂಜರಿಯುವುದು ಸಹಜ. ಇಳುವರಿ 40 ಬಂದಾಗ 60 ಎಂದು ಬರೆಯುವ, ಮಾಸಿದ ಚಿತ್ರದ ಒಂದು ಗೀರನ್ನು ಕಾಣದಂತೆ ಮಾಡುವ ಆಸೆಯೂ ಕಾಡಬಹುದು. ಆ ಕ್ಷಣದಲ್ಲಿ ತಾನು ಯಾರಿಗಾಗಿ ಬರೆಯುತ್ತಿದ್ದೇನೆಂಬುದನ್ನು ವಿದ್ಯಾರ್ಥಿಯು ನೆನೆಯಬೇಕು. ಇಪ್ಪತ್ತೇಳು ವರ್ಷದ ಆಚೆ ಯಾವುದೋ ಊರಿನಲ್ಲಿ ಯಾರೋ ಒಬ್ಬರು ಆ ಪುಟವನ್ನು ತೆರೆದು, ಅದರಂತೆಯೇ ಮಾಡಿ ನೋಡುವರು. ಅವರ ಆಚೆಗೆ ಒಬ್ಬ ರೋಗಿ ಕಾದಿರುವನು.

ಇನ್ನು ದಬ್ಬೇಘಟ್ಟದ ಅಜ್ಜಿಗೆ ಮೊಮ್ಮಗಳು ಕೊಡಬೇಕಾದ ಉತ್ತರ ಉಳಿದಿದೆ. ಅವಳು ಹೀಗೆ ಹೇಳಬಹುದು: "ಮದ್ದು ಸಿಗಲಿಲ್ಲ ಅಜ್ಜಿ. ನಲವತ್ತು ಹೊಸ ವಸ್ತು ಮಾಡಿದೆ. ಮೂವತ್ತೆಂಟು ಕೆಲಸಕ್ಕೆ ಬರಲಿಲ್ಲ. ಎರಡನ್ನು ಮುಂದಿನವರು ನೋಡುತ್ತಾರೆ. ಆದರೆ ನಲವತ್ತು ಕುಪ್ಪಿಯಲ್ಲಿಯೂ ಏನಿದೆ ಎಂದು ನನಗೆ ಗೊತ್ತು, ಬರೆದಿಟ್ಟಿದ್ದೇನೆ."

ಜೀವಮಾನವೆಲ್ಲ ಅಟ್ಟದ ಕಾಯಿಯನ್ನು ಅಲುಗಿಸಿ ಕೇಳಿದ ಮುದುಕಿಗೆ ಈ ಮಾತು ಅರ್ಥವಾಗದೆ ಇರಲಾರದು.